ಅಣ್ಣನ ಸೋಲು, ತಮ್ಮನ ಲೆಕ್ಕ

1750ರ ಏಪ್ರಿಲ್ ತಿಂಗಳು. ಲಂಡನ್ನಿನಲ್ಲಿ ಜ್ಯಾಕ್ ಸ್ಲ್ಯಾಕ್ ಎಂಬ ಕಟುಕ ವೃತ್ತಿಯ ಗಟ್ಟಿಗನೊಬ್ಬ ಆ ಕಾಲದ ಅತಿ ದೊಡ್ಡ ಬಾಕ್ಸರ್ ಜ್ಯಾಕ್ ಬ್ರೌಟನ್ನನನ್ನು ಕಾಲು ಗಂಟೆಯೊಳಗೆ ಮಣಿಸಿಬಿಟ್ಟ. ಬ್ರೌಟನ್ ಅಂತಿಂಥವನಲ್ಲ. ಏಳು ವರ್ಷ ಮೊದಲು ಈ ಆಟಕ್ಕೆ ನಿಯಮಗಳನ್ನು ಬರೆದುಕೊಟ್ಟವನೇ ಅವನು. ಅವನ ಮೇಲೆ ಬಾಜಿ ಕಟ್ಟಿದ್ದ ರಾಜನ ಮಗ, ಕಂಬರ್ಲೆಂಡಿನ ಡ್ಯೂಕ್, ಸಾವಿರಾರು ಪೌಂಡು ಕಳೆದುಕೊಂಡು ಕೆಂಡವಾದ. ಪಂದ್ಯಗಳಲ್ಲಿ ಆಗಿನ್ನೂ ಗ್ಲೌಸ್ ತೊಡುತ್ತಿರಲಿಲ್ಲ, ಮೂರು ನಿಮಿಷದ ಸುತ್ತುಗಳೂ ಇರಲಿಲ್ಲ. ಬರಿಮುಷ್ಟಿಯಲ್ಲಿ ಒಬ್ಬ ಏಳಲಾರದಂತೆ ಬೀಳುವವರೆಗೂ ಗುದ್ದಾಟ.

ಈ ಸ್ಲ್ಯಾಕನ ಮಗಳ ಮಗ ಜೆಮ್ ಬೆಲ್ಚರ್. 1781ರಲ್ಲಿ ಬ್ರಿಸ್ಟಲ್‌ನಲ್ಲಿ ಹುಟ್ಟಿದವನು ಮೀಸೆ ಚಿಗುರುವ ವಯಸ್ಸಿಗೇ ಇಂಗ್ಲೆಂಡಿನ ಚಾಂಪಿಯನ್ ಆದ. ನೀಲಿ ಬಟ್ಟೆಯ ಮೇಲೆ ಬಿಳಿ ಚುಕ್ಕೆಗಳಿದ್ದ ಅವನ ಕೊರಳವಸ್ತ್ರ ಊರಿನ ಶೋಕಿಯಾಯಿತು, ಅದಕ್ಕೆ ಅವನದೇ ಹೆಸರು ಬಿತ್ತು. ಆದರೆ 1803ರಲ್ಲಿ ಚೆಂಡಾಟ ಆಡುತ್ತಿದ್ದಾಗ ಏಟು ಬಿದ್ದು ಒಂದು ಕಣ್ಣು ಹೋಯಿತು. ಒಂಟಿ ಕಣ್ಣಿನಲ್ಲೇ ಮತ್ತೆ ಕಣಕ್ಕಿಳಿದು, ಸೋತು, ಮೂವತ್ತರ ಹರೆಯದಲ್ಲಿ ತೀರಿಕೊಂಡ. ತಮ್ಮ ಟಾಮ್ ಕೂಡ ಒಳ್ಳೆಯ ಹೊಡೆದಾಟಗಾರ, ಜೊತೆಗೆ ಬುದ್ಧಿವಂತ. ಕೈಗಳಲ್ಲಿ ಇನ್ನೂ ಕಸುವಿದ್ದಾಗಲೇ ನಿವೃತ್ತನಾಗಿ ಲಂಡನ್ನಿನ ಹಾಲ್ಬರ್ನ್‌ನಲ್ಲಿ ಪಾನಗೃಹ ನಡೆಸಿದ. ಅದು ಬಾಕ್ಸಿಂಗ್ ಮಂದಿಯ ಖಾಯಂ ಅಡ್ಡೆಯಾಯಿತು.

ಹಾಗೆ ನೋಡಿದರೆ ಬಾಕ್ಸಿಂಗಿಗೆ ಎಷ್ಟು ವಯಸ್ಸಾಯಿತೋ ಬಾಕ್ಸಿಂಗ್ ಮನೆತನಗಳಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಮೈಸೂರಿನ ಗರಡಿಮನೆಗಳಲ್ಲಿ ಅಜ್ಜ ಹದ ಮಾಡಿದ ಮಣ್ಣಿನಲ್ಲಿ ಮೊಮ್ಮಗ ಸೆಣಸುವುದನ್ನು ಕಂಡ ಕೇಳುಗರಿಗೆ ಇದರಲ್ಲಿ ಅಚ್ಚರಿ ಅನಿಸಲಾರದು. ರಕ್ತದ ಗುಣ ಎಂದು ಸುಲಭವಾಗಿ ಹೇಳಿ ಮುಗಿಸಬಹುದು. ಆದರೆ ಈ ಕುಟುಂಬಗಳ ಚರಿತ್ರೆ ಬಿಡಿಸುತ್ತ ಹೋದರೆ ರಕ್ತಕ್ಕಿಂತ ಹೆಚ್ಚಾಗಿ ಎದ್ದು ಕಾಣುವುದು ಸಾಲ. ಒಬ್ಬರು ರಿಂಗಿನಲ್ಲಿ ಕಳೆದುಕೊಂಡದ್ದನ್ನು ಮನೆಯ ಇನ್ನೊಬ್ಬರು ಹೋಗಿ ವಸೂಲು ಮಾಡಿಕೊಂಡು ಬರುವ ಕತೆಗಳು ಒಂದಲ್ಲ ಎರಡಲ್ಲ.

ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾ ಎಂಬ ಪಟ್ಟಣದ ಟರ್ಪಿನ್ ಸಹೋದರರದು ಅಂಥ ಕತೆ. ತಂದೆ ಲಯನೆಲ್, ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾದಿಂದ ಬಂದ ಕಪ್ಪು ಸೈನಿಕ. ತಾಯಿ ಬಿಯಾಟ್ರಿಸ್ ಸ್ಥಳೀಯ ಬಿಳಿಯ ಹೆಣ್ಣುಮಗಳು. ಮೊದಲ ಮಹಾಯುದ್ಧದಲ್ಲಿ ವಿಷಾನಿಲ ಕುಡಿದಿದ್ದ ಲಯನೆಲ್ 1929ರಲ್ಲಿ ತೀರಿಕೊಂಡಾಗ ಕಿರಿಯ ಮಗ ರಾಂಡಾಲ್ಫ್‌ಗೆ ಒಂದು ವರ್ಷವೂ ತುಂಬಿರಲಿಲ್ಲ. ಐದು ಮಕ್ಕಳನ್ನು ಸಾಕುವ ಹೊರೆ, ಕಣ್ಣು ಮಂಜಾಗುತ್ತಿದ್ದ ತಾಯಿಯ ಮೇಲೆ ಬಿತ್ತು. ಡಿಕ್, ಜ್ಯಾಕಿ, ರಾಂಡಾಲ್ಫ್, ಮೂವರು ಗಂಡುಮಕ್ಕಳೂ ಬಾಕ್ಸಿಂಗ್ ಹಿಡಿದರು.

ಹಿರಿಯವರಾದ ಡಿಕ್ ಎದುರಿಸಬೇಕಾದದ್ದು ಬರೀ ಎದುರಾಳಿಗಳನ್ನಲ್ಲ. ತಂದೆತಾಯಿ ಇಬ್ಬರೂ ಬಿಳಿಯರಾಗಿದ್ದರೆ ಮಾತ್ರ ಬ್ರಿಟಿಷ್ ಪಟ್ಟಕ್ಕೆ ಸ್ಪರ್ಧಿಸಬಹುದು ಎಂಬ ನಿಯಮ ಆ ದೇಶದಲ್ಲಿ ದಶಕಗಳ ಕಾಲ ಜಾರಿಯಲ್ಲಿತ್ತು. ಇಂಗ್ಲೆಂಡಿನಲ್ಲೇ ಹುಟ್ಟಿ ಬೆಳೆದವನಿಗೆ ಇಂಗ್ಲೆಂಡಿನ ಕಿರೀಟ ಇಲ್ಲ! 1948ರಲ್ಲಿ ಕೊನೆಗೂ ಆ ನಿಯಮ ತೆಗೆದರು. ಅದೇ ವರ್ಷ ಜೂನ್ 28ರಂದು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಡಿಕ್ ಟರ್ಪಿನ್ ಹದಿನೈದು ಸುತ್ತು ಹೋರಾಡಿ ವಿನ್ಸ್ ಹಾಕಿನ್ಸ್ ಅವರನ್ನು ಪಾಯಿಂಟುಗಳಲ್ಲಿ ಸೋಲಿಸಿ ಮಿಡಲ್‌ವೇಟ್ ಪಟ್ಟ ಗೆದ್ದರು. ಬ್ರಿಟಿಷ್ ಪಟ್ಟ ಧರಿಸಿದ ಮೊದಲ ಕಪ್ಪು ಬಾಕ್ಸರ್ ಅವರು.

ಎರಡು ವರ್ಷದ ಬಳಿಕ ಡಿಕ್ ಆ ಪಟ್ಟವನ್ನು ಆಲ್ಬರ್ಟ್ ಫಿಂಚ್‌ಗೆ ಬಿಟ್ಟುಕೊಡಬೇಕಾಯಿತು. ಅದೇ 1950ರ ಅಕ್ಟೋಬರಿನಲ್ಲಿ ತಮ್ಮ ರಾಂಡಾಲ್ಫ್ ಫಿಂಚ್ ಮುಂದೆ ನಿಂತರು. ಐದನೆಯ ಸುತ್ತಿನಲ್ಲಿ ಕತೆ ಮುಗಿಯಿತು, ಪಟ್ಟ ಮರಳಿ ಟರ್ಪಿನ್ ಮನೆಗೆ ಬಂತು.

ಮುಂದಿನ ಜುಲೈ 10ರಂದು ಲಂಡನ್ನಿನ ಅರ್ಲ್ಸ್ ಕೋರ್ಟ್‌ನಲ್ಲಿ ನಡೆದದ್ದನ್ನು ಬ್ರಿಟನ್ನಿನ ಹಳಬರು ಬಹುಕಾಲ ನೆನೆಯುತ್ತಿದ್ದರು. ಎದುರಿಗಿದ್ದವರು ಅಮೆರಿಕದ ಶುಗರ್ ರೇ ರಾಬಿನ್ಸನ್. ನೂರ ಮೂವತ್ತರಷ್ಟು ಪಂದ್ಯಗಳಲ್ಲಿ ಅವರು ಸೋತಿದ್ದು ಒಂದೇ ಒಂದು. ಇಪ್ಪತ್ಮೂರರ ರಾಂಡಾಲ್ಫ್ ಹದಿನೈದು ಸುತ್ತು ಅವರನ್ನು ತಳ್ಳಿ, ನೂಕಿ, ಗುದ್ದಿ, ವಿಶ್ವ ಚಾಂಪಿಯನ್ ಆಗಿಬಿಟ್ಟರು. ಆ ವೈಭವ ಉಳಿದದ್ದು ಅರವತ್ತನಾಲ್ಕೇ ದಿನ. ಸೆಪ್ಟೆಂಬರ್ 12ರಂದು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್‌ನಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಜನರ ಎದುರು, ಹತ್ತನೆಯ ಸುತ್ತಿನಲ್ಲಿ ರೆಫರಿ ಪಂದ್ಯ ನಿಲ್ಲಿಸಿದರು. ಈ ಸೋಲನ್ನು ತೀರಿಸಿಕೊಡಲು ರಾಂಡಾಲ್ಫ್‌ಗೆ ತಮ್ಮನಿರಲಿಲ್ಲ. ಗಳಿಸಿದ್ದೆಲ್ಲ ಕರಗಿತು, ತೆರಿಗೆ ಬಾಕಿ ಬೆನ್ನು ಹತ್ತಿತು, ದಿವಾಳಿಯಾದರು. 1966ರ ಮೇ ತಿಂಗಳಲ್ಲಿ ಲೆಮಿಂಗ್ಟನ್‌ನಲ್ಲೇ ತಮ್ಮ ಜೀವ ತಾವೇ ತೆಗೆದುಕೊಂಡರು. ಪಕ್ಕದ ವಾರ್ವಿಕ್ ಊರಿನ ಮಾರುಕಟ್ಟೆ ಚೌಕದಲ್ಲಿ ಅವರ ಪ್ರತಿಮೆ ಏಳಲು 2001ರವರೆಗೆ ಕಾಯಬೇಕಾಯಿತು.

ಸಾಲ ಪೂರ್ತಿ ವಸೂಲಾಗದ ಮನೆಗಳೂ ಉಂಟು. ದಕ್ಷಿಣ ಆಫ್ರಿಕದ ಬೆನೋನಿಯ ಟೋವೀಲ್ ಮನೆಯವರು ಮೂಲತಃ ಲೆಬನಾನಿನ ಕಡೆಯವರು. ಅಪ್ಪನೇ ಗುರು. ಒಬ್ಬ ಮಗ ಕೋಚ್, ಒಬ್ಬ ಪಂದ್ಯಗಳನ್ನು ಏರ್ಪಡಿಸುವವನು, ಉಳಿದವರು ಬಾಕ್ಸರ್‌ಗಳು. ಅಂತೂ ಹೊರಗಿನವರಿಗೆ ಕೆಲಸವೇ ಇಲ್ಲ. 1950ರಲ್ಲಿ ವಿಕ್ ವಿಶ್ವ ಬ್ಯಾಂಟಮ್‌ವೇಟ್ ಪಟ್ಟ ಗೆದ್ದರು, ಎರಡು ವರ್ಷಕ್ಕೆ ಆಸ್ಟ್ರೇಲಿಯದ ಜಿಮ್ಮಿ ಕರುದರ್ಸ್ ಎದುರು ಮೊದಲ ಸುತ್ತಿನಲ್ಲೇ ಕಳೆದುಕೊಂಡರು. 1955ರಲ್ಲಿ ತಮ್ಮ ವಿಲ್ಲಿ ಅದೇ ಪಟ್ಟಕ್ಕೆ ಫ್ರಾನ್ಸ್‌ನ ರಾಬರ್ಟ್ ಕೊಹೆನ್ ಜೊತೆ ಸೆಣಸಿದರು. ಪಂದ್ಯ ಸಮಸಮ. ಸಮವಾದರೆ ಪಟ್ಟ ಹಳಬನಿಗೇ ಉಳಿಯುತ್ತದೆ.

ಒಬ್ಬರ ಸೋಲನ್ನು ಇನ್ನೊಬ್ಬರು ತೀರಿಸುವ ಈ ಲೆಕ್ಕಾಚಾರವನ್ನು ಪುಸ್ತಕ ಬರೆದಿಟ್ಟಷ್ಟು ಅಚ್ಚುಕಟ್ಟಾಗಿ ಮಾಡಿದವರು ಉಕ್ರೇನಿನ ಕ್ಲಿಚ್ಕೊ ಸಹೋದರರು. ಸೋವಿಯತ್ ವಾಯುಪಡೆ ಅಧಿಕಾರಿಯ ಮಕ್ಕಳು. ಅಣ್ಣ ವಿಟಾಲಿ, ಐದು ವರ್ಷ ಕಿರಿಯ ತಮ್ಮ ವ್ಲಾಡಿಮಿರ್. ತಮ್ಮ 1998ರಲ್ಲಿ ರಾಸ್ ಪ್ಯೂರಿಟಿಗೆ ಸೋತರೆ 2001ರಲ್ಲಿ ಅಣ್ಣ ಪ್ಯೂರಿಟಿಯನ್ನು ಸೋಲಿಸಿದರು. 2000ದ ಏಪ್ರಿಲ್‌ನಲ್ಲಿ ಮುಂದಿದ್ದೂ ಭುಜದ ನೋವಿನಿಂದ ಅಣ್ಣ ಕ್ರಿಸ್ ಬರ್ಡ್‌ಗೆ ಪಟ್ಟ ಬಿಟ್ಟುಕೊಟ್ಟರು. ಆರೇ ತಿಂಗಳಲ್ಲಿ ತಮ್ಮ ಬರ್ಡ್ ಕೈಯಿಂದ ಅದನ್ನು ಕಸಿದರು. 2003ರಲ್ಲಿ ಕಾರಿ ಸ್ಯಾಂಡರ್ಸ್ ಎರಡೇ ಸುತ್ತಿನಲ್ಲಿ ತಮ್ಮನನ್ನು ಕೆಡವಿದಾಗ, ಮುಂದಿನ ವರ್ಷ ಲಾಸ್ ಏಂಜಲೀಸ್‌ನಲ್ಲಿ ಸ್ಯಾಂಡರ್ಸ್ ಎದುರು ನಿಂತವರು ಮತ್ತೆ ಅಣ್ಣನೇ. ಇಬ್ಬರೂ ಡಾಕ್ಟರೇಟ್ ಪಡೆದವರು. 2011ರ ಜುಲೈ ಹೊತ್ತಿಗೆ ಹೆವಿವೇಟ್‌ನ ನಾಲ್ಕು ಮುಖ್ಯ ಪಟ್ಟಗಳೂ ಈ ಒಂದೇ ಮನೆಯಲ್ಲಿದ್ದವು. ಹಾಗಾದರೆ ಅಣ್ಣತಮ್ಮಂದಿರೇ ಆಡಿ ಯಾರು ದೊಡ್ಡವರೆಂದು ತೀರ್ಮಾನಿಸಲಿ ಎಂದು ಹಣದ ಚೀಲ ಹಿಡಿದವರು ಹಿಂದೆ ಬಿದ್ದರು. ಆದರೆ ಪರಸ್ಪರ ಹೊಡೆದಾಡುವುದಿಲ್ಲ ಎಂದು ಇಬ್ಬರೂ ತಾಯಿಗೆ ಮಾತು ಕೊಟ್ಟಿದ್ದರು. ಆ ಪಂದ್ಯ ನಡೆಯಲೇ ಇಲ್ಲ. 2014ರಿಂದ ವಿಟಾಲಿ ಕೀವ್ ನಗರದ ಮೇಯರ್.

ಅಮೆರಿಕದ ಸ್ಪಿಂಕ್ಸ್ ಸಹೋದರರದು ಇಷ್ಟು ಶಿಸ್ತಿನ ಮನೆಯಲ್ಲ. ಸೇಂಟ್ ಲೂಯಿಸ್ ನಗರದಲ್ಲಿ ಬಡವರಿಗೆಂದು ಸರ್ಕಾರ ಕಟ್ಟಿಸಿದ ಪ್ರೂಯಿಟ್ ಐಗೋ ಎಂಬ ಮೂವತ್ತಮೂರು ಕಟ್ಟಡಗಳ ವಸತಿ ಸಮುಚ್ಚಯ ಇತ್ತು. ಇಪ್ಪತ್ತು ವರ್ಷಕ್ಕೇ ಅದು ಎಷ್ಟು ಹದಗೆಟ್ಟಿತೆಂದರೆ 1972ರಿಂದ ಸಿಡಿಮದ್ದಿಟ್ಟು ಉರುಳಿಸತೊಡಗಿದರು. ಅಪ್ಪ ಬಿಟ್ಟುಹೋದ ಮೇಲೆ ತಾಯಿ ಕೇ ಒಬ್ಬರೇ ಏಳು ಮಕ್ಕಳನ್ನು ಬೆಳೆಸಿದ್ದು ಅಲ್ಲಿ. 1976ರಲ್ಲಿ ಕೆಡಹುವ ಕೆಲಸ ಮುಗಿಯಿತು. ಅದೇ ವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಆ ಮನೆಯ ಲಿಯೋನ್ ಲೈಟ್ ಹೆವಿವೇಟ್ ಚಿನ್ನ ಗೆದ್ದರು, ತಮ್ಮ ಮೈಕೆಲ್ ಮಿಡಲ್‌ವೇಟ್ ಚಿನ್ನ ಗೆದ್ದರು.

ಲಿಯೋನ್ ಸಿಡಿಲಿನ ಹಾಗೆ ಬಂದವರು. ವೃತ್ತಿಪರರಾಗಿ ಬರೀ ಎಂಟನೆಯ ಪಂದ್ಯ, 1978ರ ಫೆಬ್ರವರಿ 15, ಲಾಸ್ ವೇಗಸ್. ಎದುರಿಗೆ ಹೆವಿವೇಟ್ ವಿಶ್ವ ಚಾಂಪಿಯನ್ ಮಹಮ್ಮದ್ ಅಲಿ. ಮುಂದಿನ ಹಲ್ಲಿಲ್ಲದ ನಗೆಯ ಆ ಹುಡುಗ ಗೆದ್ದಾಗ ಜಗತ್ತು ಬೆಕ್ಕಸ ಬೆರಗಾಯಿತು. ಏಳು ತಿಂಗಳ ನಂತರ ನ್ಯೂ ಆರ್ಲಿಯನ್ಸ್‌ನಲ್ಲಿ ಅಲಿ ಪಟ್ಟ ಮರಳಿ ಪಡೆದರು, ಲಿಯೋನ್ ಮತ್ತೆ ಆ ಎತ್ತರಕ್ಕೆ ಏರಲಿಲ್ಲ. ದುಡ್ಡು ನಿಲ್ಲಲಿಲ್ಲ, ಅಂಕೆಯೂ ಇರಲಿಲ್ಲ. ಒಲಿಂಪಿಕ್ಸ್ ಮುಗಿದ ಮೇಲೆ ಊರಿಗೆ ಮರಳಿ ಕಾರ್ಖಾನೆಯಲ್ಲಿ ಕಸ ಗುಡಿಸುತ್ತಿದ್ದ ಮೈಕೆಲ್ ಇದನ್ನೆಲ್ಲ ನೋಡುತ್ತಿದ್ದರು. ನಿಧಾನದ ಮನುಷ್ಯ. ಲೈಟ್ ಹೆವಿವೇಟ್‌ನಲ್ಲಿ ಎದುರಿಲ್ಲದಂತೆ ಆಳಿ, 1985ರ ಸೆಪ್ಟೆಂಬರ್ 21ರಂದು 48 ಪಂದ್ಯ ಸೋಲದೆ ಬಂದಿದ್ದ ಲ್ಯಾರಿ ಹೋಮ್ಸ್ ಅವರನ್ನು ಸೋಲಿಸಿದರು. ಅಲ್ಲಿಗೆ ಅಣ್ಣ ಕಳೆದುಕೊಂಡಿದ್ದ ಹೆವಿವೇಟ್ ಕಿರೀಟ ತಮ್ಮನ ತಲೆಗೆ ಬಂತು. ಒಂದೇ ಮನೆಯ ಅಣ್ಣತಮ್ಮ ಇಬ್ಬರೂ ಹೆವಿವೇಟ್ ವಿಶ್ವ ಚಾಂಪಿಯನ್ ಆದದ್ದು ಅದೇ ಮೊದಲು. 1988ರಲ್ಲಿ ಮೈಕ್ ಟೈಸನ್ ತೊಂಬತ್ತೊಂದು ಸೆಕೆಂಡಿನಲ್ಲಿ ಮೈಕೆಲ್‌ರನ್ನು ಮಲಗಿಸಿದ್ದು ನಿಜ. ಆದರೆ ಅವರು ಮತ್ತೆ ರಿಂಗಿನತ್ತ ತಿರುಗಿ ನೋಡಲಿಲ್ಲ. ಆ ವಿವೇಕ ಅಣ್ಣನ ಬಾಳನ್ನು ನೋಡಿ ಬಂದದ್ದೇ ಇರಬೇಕು. ಲಿಯೋನ್ ಅಲಿಯನ್ನು ಸೋಲಿಸಿದ ಐದನೆಯ ದಿನ ಹುಟ್ಟಿದ ಮಗ ಕೋರಿ ಮುಂದೆ 2003ರಲ್ಲಿ ವೆಲ್ಟರ್‌ವೇಟ್‌ನ ನಿರ್ವಿವಾದ ಚಾಂಪಿಯನ್ ಆದರು.

ಅಣ್ಣತಮ್ಮಂದಿರ ನಡುವೆ ಹೀಗೆ ಸಲೀಸಾಗಿ ಸಾಗುವ ವ್ಯವಹಾರ ಅಪ್ಪನಿಂದ ಮಕ್ಕಳಿಗೆ ಇಳಿಯುವಾಗ ಮುಗ್ಗರಿಸುತ್ತದೆ. ಹಿಂದೊಮ್ಮೆ ಹೆವಿವೇಟ್ ವಿಶ್ವ ಚಾಂಪಿಯನ್ ಆಗಿದ್ದ ಫಿಲಡೆಲ್ಫಿಯಾದ ಜೋ ಫ್ರೇಜರ್ ಅವರ ಮಗ ಮಾರ್ವಿಸ್ ವೃತ್ತಿಜೀವನದಲ್ಲಿ ಗೆದ್ದದ್ದು 19 ಪಂದ್ಯ, ಸೋತದ್ದು ಎರಡೇ. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಆದರೆ ಆ ಎರಡನ್ನೇ ಜನ ನೆನಪಿಟ್ಟುಕೊಂಡರು. ಬರೀ ಹತ್ತು ಪಂದ್ಯಗಳ ಅನುಭವದ ಮಗನನ್ನು 1983ರಲ್ಲಿ ಲ್ಯಾರಿ ಹೋಮ್ಸ್ ಎದುರು ನಿಲ್ಲಿಸಿದವರು ಅಪ್ಪನೇ. ಮೊದಲ ಸುತ್ತೂ ದಾಟಲಿಲ್ಲ. 1986ರಲ್ಲಿ ಟೈಸನ್ ಎದುರು ಮೂವತ್ತು ಸೆಕೆಂಡು. ಮಾರ್ವಿಸ್ ಆಮೇಲೆ ಚರ್ಚಿನ ಬೋಧಕರಾದರು.

1971, 1974, 1975ರಲ್ಲಿ ಅಲಿ ಮತ್ತು ಜೋ ಫ್ರೇಜರ್ ನಡುವೆ ನಡೆದ ಮೂರು ಕಾಳಗಗಳಲ್ಲಿ ಅಲಿ ಎರಡು ಗೆದ್ದಿದ್ದರು. ಅಲಿ ಆಡಿದ್ದ ಚುಚ್ಚುಮಾತುಗಳ ಕಹಿಯನ್ನು ಫ್ರೇಜರ್ ವರ್ಷಗಟ್ಟಲೆ ನುಂಗಲಾರದೆ ಇದ್ದರು. 2001ರ ಜೂನ್ 8ರಂದು ನ್ಯೂಯಾರ್ಕ್ ರಾಜ್ಯದ ವೆರೋನಾದಲ್ಲಿ ಆ ಇಬ್ಬರ ಹೆಣ್ಣುಮಕ್ಕಳು ಎದುರಾದರು. ಲೈಲಾ ಅಲಿಗೆ ಇಪ್ಪತ್ಮೂರು. ವಕೀಲೆಯಾಗಿದ್ದ ಜಾಕಿ ಫ್ರೇಜರ್ ಲೈಡ್‌ಗೆ ಮೂವತ್ತೊಂಬತ್ತು, ಬಾಕ್ಸಿಂಗಿಗೆ ಬಂದು ವರ್ಷವಷ್ಟೇ ಆಗಿತ್ತು. ಹೆಸರು ಮಾರಿ ದುಡ್ಡು ಮಾಡುವ ತಂತ್ರ ಎಂದು ಹಲವರು ಮೂಗು ಮುರಿದರು, ಅದು ತಂತ್ರವೇನೋ ಹೌದು. ಆದರೂ ಎಂಟು ಸುತ್ತು ಇಬ್ಬರೂ ಬಿಡದೆ ಹೊಡೆದಾಡಿದರು, ಲೈಲಾ ಕೂದಲೆಳೆಯಲ್ಲಿ ಗೆದ್ದರು. ಅಪ್ಪನಿಗೆ ಇಷ್ಟವಿಲ್ಲದಿದ್ದರೂ ರಿಂಗಿಗಿಳಿದಿದ್ದ ಲೈಲಾ 24 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ನಿವೃತ್ತರಾದರು. ಜಾಕಿ ತಮ್ಮ ಊರಿನಲ್ಲಿ ನ್ಯಾಯಾಧೀಶೆಯಾದರು.

ಭಾರತದ ಬಾಕ್ಸಿಂಗ್ ಮನೆತನ ಎಂದರೆ ಹರಿಯಾಣದ ಭಿವಾನಿಗೇ ಹೋಗಬೇಕು. ಸೇನೆಯಲ್ಲಿದ್ದ ಹವಾ ಸಿಂಗ್ 1966 ಮತ್ತು 1970ರಲ್ಲಿ, ಎರಡು ಸಲವೂ ಬ್ಯಾಂಕಾಕ್‌ನಲ್ಲಿ, ಏಷ್ಯನ್ ಕ್ರೀಡಾಕೂಟದ ಹೆವಿವೇಟ್ ಚಿನ್ನ ಗೆದ್ದವರು. ಸತತ ಹನ್ನೊಂದು ವರ್ಷ ರಾಷ್ಟ್ರೀಯ ಚಾಂಪಿಯನ್. ನಿವೃತ್ತರಾದ ಮೇಲೆ ಭಿವಾನಿಯಲ್ಲಿ ಹುಡುಗರಿಗೆ ಗ್ಲೌಸ್ ತೊಡಿಸಿದರು. ಅವರ ಕಾಲದಲ್ಲಿ ಏಷ್ಯನ್ ಕೂಟದಲ್ಲಾಗಲಿ ಒಲಿಂಪಿಕ್ಸ್‌ನಲ್ಲಾಗಲಿ ಹೆಂಗಸರಿಗೆ ಬಾಕ್ಸಿಂಗ್ ಇರಲಿಲ್ಲ. ಏಷ್ಯನ್ ಕೂಟಕ್ಕೆ ಅದು ಬಂದದ್ದು 2010ರಲ್ಲಿ, ಒಲಿಂಪಿಕ್ಸಿಗೆ 2012ರಲ್ಲಿ. ಹವಾ ಸಿಂಗ್ ಸಂಬಂಧದಲ್ಲಿ ಮುತ್ತಜ್ಜನಾಗಬೇಕಾದ ಜೈಸ್ಮಿನ್ ಲಂಬೋರಿಯಾ ಬೆಳೆದದ್ದು ಈ ಹೊಸ ಕಾಲದಲ್ಲಿ. ಅಜ್ಜ ಪೈಲ್ವಾನರು, ಚಿಕ್ಕಪ್ಪಂದಿರು ಬಾಕ್ಸರ್‌ಗಳು. ಹುಡುಗಿ ಈ ಆಟಕ್ಕೆ ಹೋಗುವುದೇ ಎಂದು ಮನೆಯಲ್ಲಿ ಅನುಮಾನಿಸಿದಾಗ ಅವಳ ಪರ ನಿಂತು ತಾವೇ ಕಲಿಸಿದವರು ಚಿಕ್ಕಪ್ಪಂದಿರು.

2022ರ ಕಾಮನ್‌ವೆಲ್ತ್ ಕೂಟದಲ್ಲಿ ಜೈಸ್ಮಿನ್‌ಗೆ 60 ಕಿಲೋ ವಿಭಾಗದ ಕಂಚು ಬಂತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ 57 ಕಿಲೋಗೆ ಇಳಿದು ಹೋದರು. ಫಿಲಿಪ್ಪೀನ್ಸ್‌ನ ನೆಸ್ತಿ ಪೆಟೆಸಿಯೊ ಎದುರು ಮೊದಲ ಪಂದ್ಯದಲ್ಲೇ ಸೋತು ಮರಳಿದರು. ಹದಿಮೂರು ತಿಂಗಳ ನಂತರ, 2025ರ ಸೆಪ್ಟೆಂಬರ್‌ನಲ್ಲಿ ಲಿವರ್‌ಪೂಲ್‌ನ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಅವರೆದುರು ಇದ್ದವರು ಪ್ಯಾರಿಸ್‌ನಲ್ಲಿ ಅದೇ ತೂಕದಲ್ಲಿ ಬೆಳ್ಳಿ ಗೆದ್ದಿದ್ದ ಪೋಲೆಂಡಿನ ಯೂಲಿಯಾ ಷೆರೆಮೆಟಾ. ಮೊದಲ ಸುತ್ತಿನ ಬಿರುಸನ್ನು ತಾಳಿಕೊಂಡು, ಉದ್ದ ತೋಳುಗಳ ಲಾಭ ಬಳಸಿ ಜೈಸ್ಮಿನ್ 4-1ರಿಂದ ಗೆದ್ದರು, ವಿಶ್ವ ಚಾಂಪಿಯನ್ ಆದರು. ಪ್ಯಾರಿಸ್‌ನ ಬಾಕಿಯನ್ನು ತೀರಿಸಲು ಅವರು ಮನೆಯವರನ್ನು ಯಾರನ್ನೂ ಕಾಯಲಿಲ್ಲ.