ಕೌದಿಯ ಕೂಲಿ

ಅಂಜನಾಪುರದ ಸಹೋದರಿಯರೇ,

ಹಳೆಯ ಸೀರೆ, ಲುಂಗಿಗಳ ತುಂಡುಗಳಿಂದ ನೀವು ಹೊಲಿದ ತೊಟ್ಟಿಲ ಕೌದಿಗಳು, ದಿಂಬಿನ ಚೀಲಗಳು ಇಂದು ಬಡ ವಿದ್ಯಾರ್ಥಿನಿಯರ ನೆರವಿಗಾಗಿ ಮಾರಾಟಕ್ಕಿವೆ. ಪ್ರವಾದಿಪತ್ನಿ ಝೈನಬ್ ಬಿಂತ್ ಜಹಶ್(ರ) ಚರ್ಮ ಹದಗೊಳಿಸಿ, ಹೊಲಿದು ಗಳಿಸಿದ್ದನ್ನು ದಾನ ಮಾಡುತ್ತಿದ್ದರು. ಆದರೆ ಅವರು ಕೊಟ್ಟದ್ದು ಸ್ವಂತ ದುಡಿಮೆಯನ್ನು, ನೆರೆಯವಳದ್ದನ್ನಲ್ಲ! ಇಲ್ಲಿ ಹೊಲಿದವರಲ್ಲಿ ಸೂಜಿಯಿಂದಲೇ ಮನೆ ನಡೆಸುವವರಿದ್ದಾರೆ. ಅವರ ಕೂಲಿ ಕಳೆದು ಉಳಿದದ್ದಷ್ಟೇ ನಮ್ಮ ದಾನ.

ಉತ್ತರ ಕನ್ನಡದ ಸಿದ್ದಿ ಮಹಿಳೆಯರು, ಹಿಂದೂ, ಮುಸ್ಲಿಮ್, ಕ್ರೈಸ್ತರೆನ್ನದೆ, ಅಂಚಿನಿಂದ ನಡುವಿಗೆ ಹೊಲಿಯುತ್ತಾ ಸಾಗಿ, ಮೂಲೆಗಳಿಗೆ ‘ಫೂಲ’ ಎಂಬ ಬಟ್ಟೆಯ ಮಡಿಕೆಯಿಟ್ಟು ಕೌದಿಯನ್ನು ಪೂರ್ಣಗೊಳಿಸುತ್ತಾರೆ. 2004ರಲ್ಲಿ ಅವರ ಸಹಕಾರಿ ಸಂಘವೊಂದು ಹುಟ್ಟಿ, ಆ ಕೌದಿಗಳು ಅಮೆರಿಕದವರೆಗೂ ಹೋದವು. ನಾವಾದರೋ ಹತ್ತು ರೂಪಾಯಿಗೆ ಚೌಕಾಸಿಗಿಳಿಯುತ್ತೇವೆ. ದಯವಿಟ್ಟು ಪ್ರತಿ ಬೆಲೆಚೀಟಿಯಲ್ಲೂ ಹೊಲಿದವಳ ಕೂಲಿಯನ್ನು ಬೇರೆಯಾಗಿಯೇ ಬರೆಯಿರಿ.