ಹೂವಿನ ರಚನೆಯೂ ಸಸ್ಯಗಳ ಬಂಧುತ್ವವೂ

ನಗರವಾಸಿಗಳಾದ ನಮಗೆ ಹೂವೆಂದರೆ ಮುಡಿಗೂ ಪೂಜೆಗೂ ಸಲ್ಲುವ ವಸ್ತು. ಅದು ಗಿಡದ ವಂಶಾವಳಿಯನ್ನು ಹೇಳುವ ಪತ್ರವೂ ಹೌದು. ಈ ಮಾತನ್ನು ಗೋಕಾಕದ ಸೀಮೆಯ ಮೇಲವಂಕಿಯಂಥ ಊರಿನ ಬೆಳೆಗಳನ್ನೇ ಮುಂದಿಟ್ಟುಕೊಂಡು ವಿಚಾರಿಸೋಣ. ಘಟಪ್ರಭೆಯ ಆ ಪ್ರಾಂತದ ರೈತನಿಗೆ ಕಬ್ಬು, ಜೋಳ, ಗೋವಿನಜೋಳ, ಹತ್ತಿ, ಬೆಂಡೆ ಇವೆಲ್ಲವೂ ಪರಿಚಿತವಾದುವು.

ಲೋಕರೂಢಿಯು ಸಸ್ಯಗಳನ್ನು ಆಕಾರದಿಂದಲೂ ಉಪಯೋಗದಿಂದಲೂ ವಿಂಗಡಿಸುತ್ತದೆ: ಮರ, ಗಿಡ, ಬಳ್ಳಿ; ಕಾಳು, ಕಾಯಿಪಲ್ಯ, ನಾರು. ಈ ಲೆಕ್ಕದಲ್ಲಿ ಹತ್ತಿಗೂ ಬೆಂಡೆಗೂ ಏನು ನಂಟು? ಒಂದು ನೂಲಿನ ಗಿರಣಿಗೆ ಹೋಗತಕ್ಕದ್ದು, ಇನ್ನೊಂದು ಅಡಿಗೆಮನೆಗೆ. ಆದರೆ ಶ್ರೋತೃಗಳು ತಮ್ಮ ಹಿತ್ತಿಲಿನ ಒಂಟಿಸುತ್ತಿನ ದಾಸವಾಳವೊಂದನ್ನು ನೀಳವಾಗಿ ಸೀಳಿ ನೋಡಲಿ. ಹೊರಗೆ ಹಸುರು ಪುಷ್ಪಪಾತ್ರೆ, ಅದರ ಕೆಳಗೆ ಕಿರಿದಾದ ಇನ್ನೊಂದು ಎಸಳಿನ ಸುತ್ತು, ಒಳಗೆ ಐದು ದಳಗಳು, ನಡುವೆ ಕೇಸರಗಳ ಕಾಲುಗಳೆಲ್ಲ ಒಂದಕ್ಕೊಂದು ಕೂಡಿ ಆದ ಕೊಳವೆ, ಆ ಕೊಳವೆಯೊಳಗಿನಿಂದಲೇ ಹಾದು ತಲೆಯೆತ್ತುವ ಶಲಾಕೆ, ಬುಡದಲ್ಲಿ ಅಂಡಾಶಯ. ಇದೇ ಕೊಳವೆ ಬೆಂಡೆಯ ಹಳದಿ ಹೂವಿನಲ್ಲಿಯೂ ಉಂಟು, ಹತ್ತಿಯ ಹೂವಿನಲ್ಲಿಯೂ ಉಂಟು. ಹತ್ತಿಯಲ್ಲಿ ಹೊರಸುತ್ತಿನ ಎಸಳುಗಳು ಮೂರೇ, ಅಗಲವಾಗಿ ಅಂಚು ಹರಿದಂತಿರುತ್ತವೆ. ಬೆಂಡೆಯಲ್ಲಿ ಅವು ಹೆಚ್ಚು, ದಾರದಂತೆ ಸಣ್ಣವು. ಇದು ಒಡಹುಟ್ಟಿದವರ ಮುಖಭೇದವಷ್ಟೆ.

ಹಾಗಾದರೆ ಕೇಸರಗಳನ್ನು ಎಣಿಸಿದರೆ ಸಾಲದೆ? ಸ್ವೀಡನ್ ದೇಶದ ಲಿನೇಯಸನು ಹಾಗೆಯೇ ಮಾಡಿದನು. 1753ರ ತನ್ನ ಗ್ರಂಥದಲ್ಲಿ ಆರು ಕೇಸರಗಳ ಬತ್ತವನ್ನು ಒಂದು ವರ್ಗಕ್ಕೂ ಮೂರು ಕೇಸರಗಳ ಗೋದಿಯನ್ನು ಇನ್ನೊಂದು ವರ್ಗಕ್ಕೂ ಸೇರಿಸಿದನು. ಎರಡೂ ಹುಲ್ಲೆಂಬುದು ದನ ಕಾಯುವ ಹುಡುಗನಿಗೂ ಗೊತ್ತು! ಒಂದೇ ಲಕ್ಷಣವನ್ನು ನೆಚ್ಚದೆ ಅನೇಕ ಲಕ್ಷಣಗಳನ್ನು ಕೂಡಿಸಿ ನೋಡಿದವರು ಮುಂದಿನವರು. 1862ರಿಂದ 1883ರವರೆಗೆ ಪ್ರಕಟವಾದ ಬೆಂಥಮ್ ಮತ್ತು ಹೂಕರ್ ಅವರ ಪದ್ಧತಿಯು ನಮ್ಮ ಕಾಲೇಜುಗಳಲ್ಲಿ ಬಹುಕಾಲ ನಡೆದುಬಂದಿತು.

ಈ ಬಂಧುತ್ವವು ಬರಿಯ ಪುಸ್ತಕದ ಮಾತಲ್ಲ. ಬಂಧುಗಳಿಗೆ ಶತ್ರುಗಳೂ ಒಂದೇ ಆಗುವುದುಂಟು. ಹತ್ತಿಯ ಕಾಯನ್ನು ಕೊರೆಯುವ ಚುಕ್ಕೆಯ ಹುಳುವು ಬೆಂಡೆಯ ಕಾಯನ್ನೂ ಕೊರೆಯುತ್ತದೆ. ಹತ್ತಿಯ ಹೊಲದ ಬದುವಿನಲ್ಲಿ ಬೆಂಡೆ ಹಾಕಿದರೆ ಆ ಹುಳುವಿಗೆ ಒಂದು ಮನೆಯಿಂದ ಇನ್ನೊಂದು ಮನೆಗೆ ದಾರಿ ಮಾಡಿಕೊಟ್ಟಂತೆ. ಹುಲ್ಲಿನ ಕುಟುಂಬದಲ್ಲಿಯೂ ಇದೇ ನ್ಯಾಯ: ಜೋಳ, ಗೋವಿನಜೋಳ, ಕಬ್ಬು ಮೂರರ ಕಾಂಡವನ್ನೂ ಕೊರೆಯುವ ಒಂದೇ ಜಾತಿಯ ನಸುಗೆಂಪು ಹುಳುವುಂಟು. ಇವುಗಳ ಹೂವಿಗೆ ಬಣ್ಣದ ದಳವಿಲ್ಲ. ಮೂರು ಕೇಸರ, ಗರಿಯಂಥ ಶಲಾಕಾಗ್ರ. ಪರಾಗವನ್ನು ಒಯ್ಯುವುದು ಗಾಳಿಯ ಕೆಲಸ.

ಇನ್ನೊಂದು ಶತ್ರುವನ್ನು ಹೇಳದೆ ಬಿಡಲಾಗದು. ಜೋಳದ ಮತ್ತು ಕಬ್ಬಿನ ಬೇರಿಗೆ ಅಂಟಿ ರಸ ಹೀರುವ ಸ್ಟ್ರೈಗ ಎಂಬ ಸಣ್ಣ ಕಳೆಯೂ ಹೂ ಬಿಡುವ ಸಸ್ಯವೇ. ಅದರ ಹೂವನ್ನು ನೋಡಿ ಬೆಂಥಮ್ ಮತ್ತು ಹೂಕರ್ ಅವರು ಅದನ್ನು ತೋಟದ ನಾಯಿಮುಖದ ಹೂವಿನ ಕುಟುಂಬಕ್ಕೆ ಸೇರಿಸಿದ್ದರು. ನಿಪ್ಪಾಣಿಯ ಕಡೆ ಹೊಗೆಸೊಪ್ಪಿನ ಬೇರನ್ನು ಹಿಡಿಯುವ, ಹಸುರೆಲೆಯೇ ಇಲ್ಲದ ಒರೊಬಾಂಕಿಯನ್ನು ಬೇರೆ ಕುಟುಂಬದಲ್ಲಿಟ್ಟಿದ್ದರು. 20ನೆಯ ಶತಮಾನದ ಕೊನೆಯಿಂದೀಚೆಗೆ ವಂಶವಾಹಿಗಳನ್ನು ಹೋಲಿಸಿ ನೋಡಿದವರು ಈ ಎರಡು ಪರೋಪಜೀವಿಗಳನ್ನೂ ಒಂದೇ ಕುಟುಂಬಕ್ಕೆ ತಂದಿದ್ದಾರೆ. ಹೂವಿನ ಪತ್ರವನ್ನು ಹಿಂದಿನವರು ಓದಿದುದರಲ್ಲಿ ಇಂಥ ತಿದ್ದುಪಡಿಗಳು ಹಲವು ನಡೆದಿವೆ. ಹತ್ತಿ, ಬೆಂಡೆ, ದಾಸವಾಳಗಳ ನಂಟು ಮಾತ್ರ ಕದಲಿಲ್ಲ.

ಸ್ಟ್ರೈಗದ ಬೀಜವು ಧೂಳಿನಷ್ಟು ಸಣ್ಣದು. ಮಣ್ಣಿನಲ್ಲಿ ವರ್ಷಗಟ್ಟಲೆ ಕಾದಿರಬಲ್ಲುದು. ಹತ್ತಿರದಲ್ಲಿ ಬೇರೊಂದು ಬೆಳೆದು ಒಂದು ಬಗೆಯ ರಸದ್ರವ್ಯವನ್ನು ಸೂಸಿದಾಗಲೇ ಅದು ಮೊಳೆಯುತ್ತದೆ. ಆ ದ್ರವ್ಯವನ್ನು 1966ರಲ್ಲಿ ಮೊದಲು ಬೇರ್ಪಡಿಸಿದುದು ಜೋಳದ ಬೇರಿನಿಂದಲ್ಲ, ಹತ್ತಿಯ ಬೇರಿನಿಂದ ಎಂಬುದು ವಿಚಿತ್ರವಾದರೂ ನಿಜ. ಆದುದರಿಂದ ಕಳೆ ಹಿಡಿದ ಜೋಳದ ಹೊಲಕ್ಕೆ ಮಾರನೆಯ ವರ್ಷ ಹತ್ತಿಯನ್ನು ಹಾಕಿದರೆ ಬೀಜವು ಕರೆ ಕೇಳಿ ಮೊಳೆಯುತ್ತದೆ. ಆದರೆ ಹತ್ತಿಯು ಹುಲ್ಲಿನ ಬಳಗಕ್ಕೆ ಸೇರಿದುದಲ್ಲ. ಅದರ ಬೇರಿನಲ್ಲಿ ನೆಲೆ ಕಾಣದೆ ಮೊಳಕೆಯು ಕೆಲವು ದಿನಗಳಲ್ಲಿಯೇ ಒಣಗಿಹೋಗುತ್ತದೆ.