ಹೂವಿನ ದಿನಾಂಕ

ನಮ್ಮ ಪಂಚಾಂಗ ವಸಂತ ಋತುವಿಗೆ ಧಾರಾಳವಾಗಿ ಎರಡು ಮಾಸಗಳನ್ನು ಕೊಟ್ಟಿದೆ. ಚೈತ್ರದಲ್ಲಿ ಹೊಂಗೆಯ ಚಿಗುರನ್ನು ನೋಡಲಾಗದವನು ವೈಶಾಖದಲ್ಲಿ ಅದರ ಹೂವನ್ನಾದರೂ ನೋಡಬಹುದು. ಅದೂ ತಪ್ಪಿದರೆ ಗುಲ್‌ಮೊಹರ್ ಇದ್ದೇ ಇದೆ. ಜಪಾನಿನ ಚೆರಿ ಹೂವಿಗೆ ಈ ದಾಕ್ಷಿಣ್ಯವಿಲ್ಲ. ಒಂದು ಊರಿನಲ್ಲಿ ಮೊದಲ ಹೂ ಬಿಟ್ಟಮೇಲೆ ಪೂರ್ಣವಾಗಿ ಅರಳುವುದಕ್ಕೆ ಸುಮಾರು ಒಂದು ವಾರ, ಉದುರಿಹೋಗುವುದಕ್ಕೆ ಮತ್ತೊಂದು ವಾರ. ನಡುವೆ ಗಾಳಿಮಳೆ ಬಂದರೆ ಅಷ್ಟೂ ಇಲ್ಲ. ಇಂಥ ಹೂವನ್ನು ನೋಡಲು ಬೆಂಗಳೂರಿನಿಂದ ಹೊರಡುವವರಾದರೋ ನಾಲ್ಕೈದು ತಿಂಗಳು ಮೊದಲೇ ದಿನ ಗೊತ್ತುಮಾಡಿಕೊಳ್ಳಬೇಕು. ಕೆಲವು ವಾರಗಳಿಂದ ನಮ್ಮ ಮನೆಯಲ್ಲಿ ನಡೆದಿರುವುದು ಈ ವ್ಯವಹಾರವೇ.

ಹೊರಡುವವರು ಇಬ್ಬರು, ನಾನು ಮತ್ತು ನನ್ನ ಅಕ್ಕ. ಅಕ್ಕನಿಗೆ ಈಗ 74 ವರ್ಷ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಮನೆಯ ಮುಂದಿನ ಹೊಂಗೆಯಲ್ಲಿ ಮೊದಲ ಚಿಗುರು ಕಂಡ ದಿನವನ್ನು ಪ್ರತಿವರ್ಷವೂ ಪಂಚಾಂಗದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕುವುದು ಅವಳ ಅಭ್ಯಾಸ. ಹಳೆಯ ಪಂಚಾಂಗಗಳನ್ನು ರದ್ದಿಗೆ ಹಾಕಲು ಅವಳು ಬಿಡದಿರುವುದಕ್ಕೆ ಇದೇ ಕಾರಣ. ಚೆರಿ ಹೂವನ್ನು ನೋಡಬೇಕೆಂಬುದು ಅವಳ ಬಹುಕಾಲದ ಆಸೆ. ಸಂಸಾರದ ತಾಪತ್ರಯಗಳು ಮುಗಿದು, ಕೈಯಲ್ಲಿ ನಾಲ್ಕು ಕಾಸು ಕೂಡಿ, ಇನ್ನು ಹೊರಡಬಹುದು ಎನ್ನುವ ಹೊತ್ತಿಗೆ ಕತ್ತಿನ ಮೂಳೆ ಸವೆದಿದೆ. ತಲೆಯನ್ನು ಹಿಂದಕ್ಕೆ ಬಾಗಿಸಿ ಮೇಲೆ ನೋಡಿದರೆ ತಲೆ ಸುತ್ತುತ್ತದೆ. ಹಾಗೆ ನೋಡಕೂಡದೆಂದು ವೈದ್ಯರ ಕಟ್ಟಪ್ಪಣೆ. ಕತ್ತೆತ್ತದೆ ಮರದ ಹೂವನ್ನು ನೋಡುವುದು ಹೇಗೆ? ನಮ್ಮ ಯೋಜನೆಯಲ್ಲಿ ಹಣ, ವಿಮಾನ, ವಸತಿ ಇವೆಲ್ಲಕ್ಕಿಂತ ದೊಡ್ಡದಾಗಿ ನಿಂತದ್ದು ಈ ಪ್ರಶ್ನೆ.

ಹಿತೈಷಿಗಳು ಸುಲಭದ ದಾರಿ ತೋರಿಸಿದರು. ಬೆಂಗಳೂರಿನ ಬೀದಿಗಳಲ್ಲೇ ಗುಲಾಬಿ ಬಣ್ಣದ ಚೆರಿ ಅರಳುತ್ತದಲ್ಲ, ಅಷ್ಟು ದೂರ ಏತಕ್ಕೆ ಎಂದರು. ಅದು ಚೆರಿಯಲ್ಲ, ಟಬೂಬಿಯ, ಅಮೆರಿಕ ಖಂಡದ ಉಷ್ಣಪ್ರದೇಶದ ಮರ ಎಂದು ಅಕ್ಕ ಪಾಠ ಹೇಳಿ ಕಳಿಸಿದಳು. ಒಂದಾದಮೇಲೊಂದು ಹೂಬಿಡುವಂತೆ ಸಾಲುಮರಗಳನ್ನು ಆರಿಸಿ ನೆಡಿಸಿದ ಕ್ರುಂಬಿಗಲ್ ಮಹಾಶಯನ ಪುಣ್ಯದಿಂದ ಬೆಂಗಳೂರಿನವರಿಗೆ ಹೂವಿಗಾಗಿ ದಿನ ಎಣಿಸುವ ಕಷ್ಟವೇ ತಿಳಿಯದು.

ಜಪಾನಿನವರು ಈ ಎಣಿಕೆಯನ್ನು ಒಂದು ಶಾಸ್ತ್ರವನ್ನಾಗಿಯೇ ಮಾಡಿಕೊಂಡಿದ್ದಾರೆ. ಅಲ್ಲಿಯ ಊರುಗಳಲ್ಲಿ ಹೆಚ್ಚಾಗಿ ಕಾಣುವುದು ಸೊಮೇಯಿ ಯೊಶಿನೊ ಎಂಬ ತಳಿ. ಎದೊ ಕಾಲದ ಕೊನೆಯಲ್ಲಿ, ಈಗ ಟೋಕಿಯೋ ನಗರದೊಳಗೆ ಸೇರಿಹೋಗಿರುವ ಸೊಮೇಯಿ ಎಂಬ ಹಳ್ಳಿಯ ತೋಟಗಾರರಿಂದ ಅದು ಪ್ರಚಾರಕ್ಕೆ ಬಂದಿತು. ಕಸಿ ಕಟ್ಟಿಯೇ ಬೆಳೆಸುವುದರಿಂದ ಈ ಮರಗಳೆಲ್ಲವೂ ಒಂದೇ ಮರದ ತುಂಡುಗಳೆನ್ನಬೇಕು. ಆದಕಾರಣ ಒಂದು ಊರಿನ ಮರಗಳು ಮಾತಾಡಿಕೊಂಡಂತೆ ಒಟ್ಟಿಗೆ ಅರಳುತ್ತವೆ. ಹಿಂದಿನ ಬೇಸಗೆಯಲ್ಲೇ ಕಟ್ಟಿದ ಮೊಗ್ಗು ಚಳಿಗಾಲದ ಚಳಿಯನ್ನುಂಡು ನಿದ್ದೆಯಿಂದೇಳುತ್ತದೆ. ಆಮೇಲಿನ ಬೆಚ್ಚನೆಯ ದಿನಗಳು ಅದನ್ನು ಅರಳಿಸುತ್ತವೆ. ಫೆಬ್ರವರಿ 1ರಿಂದ ಪ್ರತಿದಿನದ ಗರಿಷ್ಠ ಉಷ್ಣತೆಯನ್ನು ಕೂಡುತ್ತ ಹೋದರೆ ಮೊತ್ತ 600 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಟೋಕಿಯೋದಲ್ಲಿ ಹೂ ಬಿಡುತ್ತದೆಂಬ ಒಂದು ಲೆಕ್ಕ ಅಲ್ಲಿ ಜನಪ್ರಿಯವಾಗಿದೆ. ಲೆಕ್ಕ ಏನೇ ಹೇಳಲಿ, ಯಸುಕುನಿ ದೇವಾಲಯದ ಆವರಣದ ಗೊತ್ತಾದ ಒಂದು ಮರದಲ್ಲಿ ಐದಾರು ಹೂ ಬಿಟ್ಟುದನ್ನು ಹವಾಮಾನ ಇಲಾಖೆಯ ಅಧಿಕಾರಿ ಕಣ್ಣಾರೆ ಕಂಡಮೇಲೆಯೇ ಟೋಕಿಯೋಗೆ ಚೆರಿ ಬಂದಿತೆಂದು ಘೋಷಣೆ. ಸರಕಾರ ಹೂ ಎಣಿಸಲು ಅಧಿಕಾರಿಯನ್ನು ಕಳಿಸುತ್ತದೆಂಬ ಸಂಗತಿ ಅಕ್ಕನಿಗೆ ಬಹಳ ಹಿಡಿಸಿತು. ಮುನ್ಸೂಚನೆ ಹೇಳುವ ಕೆಲಸವನ್ನು ಮಾತ್ರ ಆ ಇಲಾಖೆ 2010ರಿಂದ ಖಾಸಗಿ ಸಂಸ್ಥೆಗಳಿಗೆ ಬಿಟ್ಟುಕೊಟ್ಟಿದೆ. ಅದು ಜಾಣತನವೆಂದೇ ನನ್ನ ಎಣಿಕೆ.

ಏಕೆಂದರೆ ಟೋಕಿಯೋದಲ್ಲಿ 2023ರ ಮೊದಲ ಹೂ ಮಾರ್ಚಿ 14ಕ್ಕೆ ಬಿಟ್ಟಿತು. 2024ರಲ್ಲಿ ಮಾರ್ಚಿ 29ಕ್ಕೆ. 2023ರಲ್ಲಿ ಮಾರ್ಚಿ 22ಕ್ಕೆ ಊರೆಲ್ಲ ಹೂವಾಗಿತ್ತೆಂಬ ಸುದ್ದಿಯನ್ನು ನಂಬಿ ಮರುವರ್ಷ ಅದೇ ದಿನಕ್ಕೆ ಹೋದವರು ಬರಿಯ ಮೊಗ್ಗನ್ನು ನೋಡಿ ಬಂದಿರಬೇಕು. ಕ್ಯೋಟೋ ನಗರದ ಕಥೆ ಇನ್ನೂ ದೊಡ್ಡದು. ಅಲ್ಲಿ ಅರಸರೂ ಆಸ್ಥಾನಿಕರೂ ಸಂನ್ಯಾಸಿಗಳೂ ಚೆರಿ ಅರಳಿದ ದಿನವನ್ನು ತಮ್ಮ ದಿನಚರಿಗಳಲ್ಲಿ ಬರೆದಿಟ್ಟಿದ್ದಾರೆ. ಅಓನೊ ಎಂಬ ವಿದ್ವಾಂಸರು ಅವುಗಳನ್ನು ಶೋಧಿಸಿ, ಒಂಬತ್ತನೆಯ ಶತಮಾನದಿಂದ ಮೊದಲಾಗುವ ಒಂದು ಪಟ್ಟಿಯನ್ನು ಸಿದ್ಧಪಡಿಸಿದರು. 2021ರಲ್ಲಿ ಕ್ಯೋಟೋದ ಚೆರಿ ಮಾರ್ಚಿ 26ಕ್ಕೇ ಪೂರ್ಣವಾಗಿ ಅರಳಿದಾಗ, ಸುಮಾರು 1200 ವರ್ಷಗಳ ಆ ದಾಖಲೆಯಲ್ಲಿ ಅಷ್ಟು ಬೇಗ ಅರಳಿದ್ದೇ ಇಲ್ಲವೆಂದು ತಿಳಿದುಬಂದಿತು. ಭೂಮಿ ಕಾಯುತ್ತಿರುವ ಕಥೆಯನ್ನು ಹೂವಿನ ಮೇಲೆ ಕಣ್ಣಿಟ್ಟವರ ದಿನಚರಿಯೇ ಸಾಕ್ಷಿ ನುಡಿಯಬೇಕಾಯಿತು. ಇದನ್ನು ಓದಿ ಹೇಳಿದಾಗ ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಮ್ಮ ಹೊಂಗೆಯೂ ಮುಂದಕ್ಕೆ ಬರುತ್ತಿದೆಯೋ ಏನೋ, ಒಂದು ದಿನ ಕೂತು ಎಲ್ಲವನ್ನೂ ಬರೆದು ನೋಡಬೇಕು ಕಣೋ” ಎಂದಳು.

ವೀಸಾದ ಅರ್ಜಿಯೊಂದಿಗೆ ನಾವು ಯಾವ ದಿನ ಯಾವ ಊರಿನಲ್ಲಿರುವೆವೆಂದು ದಿನವಾರು ಕಾರ್ಯಕ್ರಮವನ್ನು ಬರೆದುಕೊಡಬೇಕು. ಹೂವೇ ಗೊತ್ತುಮಾಡದ ದಿನವನ್ನು ನಾವು ಗೊತ್ತುಮಾಡಿ ಸಹಿ ಹಾಕಬೇಕು! ಎಲ್ಲರೂ ಹೇಳುವುದು ಮಾರ್ಚಿಯ ಕೊನೆಯ ವಾರ, ಟೋಕಿಯೋ. ಆದರೆ ಟೋಕಿಯೋದ ಸೊಮೇಯಿ ಯೊಶಿನೊ ಎತ್ತರದ ಮರ. ಅದರ ಸೊಬಗೆಲ್ಲ ತಲೆಯ ಮೇಲಿನ ಚಪ್ಪರದ್ದು. ಅಕ್ಕನ ಪಾಲಿಗೆ ಅದು ಇದ್ದೂ ಇಲ್ಲದ ಹಾಗೆ. ಹೀಗೆ ಹುಡುಕುತ್ತಿದ್ದಾಗ ಸಿಕ್ಕಿದ್ದು ಒಮುರೊ ಚೆರಿ.

ಕ್ಯೋಟೋದ ವಾಯವ್ಯ ಭಾಗದಲ್ಲಿ 888ರಲ್ಲಿ ಪೂರ್ಣಗೊಂಡ ನಿನ್ನಾಜಿ ಎಂಬ ಬೌದ್ಧ ದೇವಾಲಯವಿದೆ. ಅದರ ತೋಪಿನ ಚೆರಿಮರಗಳು ಎರಡು ಮೂರು ಮೀಟರಿಗಿಂತ ಎತ್ತರ ಬೆಳೆಯುವುದಿಲ್ಲ. ಕೆಳಗಿನ ನೆಲ ಗಟ್ಟಿಯಾದ್ದರಿಂದ ಬೇರು ಆಳಕ್ಕೆ ಇಳಿಯದೆಂದು ಕಾರಣ ಹೇಳುತ್ತಾರೆ. ಕೊಂಬೆಗಳು ನೆಲದ ಹತ್ತಿರದಿಂದಲೇ ಕವಲೊಡೆಯುವುದರಿಂದ ಹೂವು ನೋಡುವವರ ಮುಖದ ಮಟ್ಟಕ್ಕೇ ಬಂದು ನಿಲ್ಲುತ್ತದೆ. ಜಪಾನಿ ಮಾತಿನಲ್ಲಿ ‘ಹನ’ ಎಂದರೆ ಹೂವೂ ಹೌದು, ಮೂಗೂ ಹೌದು. ಅದರಿಂದ ಈ ಕುಳ್ಳ ಮರಗಳನ್ನು ಚಪ್ಪಟೆ ಮೂಗಿನ ಹೆಣ್ಣಿಗೆ ಹೋಲಿಸಿ ಕ್ಯೋಟೋದ ಜನ ಪ್ರೀತಿಯಿಂದ ಹಾಸ್ಯ ಮಾಡುತ್ತಾರೆ. ಊರಿನ ಉಳಿದ ಚೆರಿಗಳು ಉದುರತೊಡಗಿದ ಮೇಲೆ ಅರಳುವುದು ಇವುಗಳ ಸ್ವಭಾವ.

ಅಲ್ಲಿಗೆ ನಮ್ಮ ದಿನ ಏಪ್ರಿಲಿಗೆ ಸರಿಯಿತು. ಕ್ಯೋಟೋದಲ್ಲಿ ಸಾಮಾನ್ಯ ಚೆರಿ ಪೂರ್ಣ ಅರಳುವ ಸರಾಸರಿ ದಿನ ಏಪ್ರಿಲ್ 4. ನಾವು 6ಕ್ಕೆ ಇಳಿದು 15ರವರೆಗೆ ಆ ಒಂದೇ ಊರಿನಲ್ಲಿರುವುದೆಂದು ಬರೆದುಕೊಟ್ಟಿದ್ದೇವೆ. ಹತ್ತು ದಿನಕ್ಕೆ ಐದು ಊರು ಓಡುವ ಪ್ರವಾಸ ಎಪ್ಪತ್ತು ದಾಟಿದವರಿಗಲ್ಲ, ನನ್ನನ್ನು ಕೇಳಿದರೆ ಯಾರಿಗೂ ಅಲ್ಲ. ಹೂ ಮುಂಚಿತವಾಗಿ ಬಂದು ಹೋಗಿದ್ದರೆ ಯೊಶಿನೊ ಬೆಟ್ಟಕ್ಕೆ ಹೋಗುವುದೆಂದು ಒಂದು ದಿನವನ್ನು ಮೀಸಲಿಟ್ಟಿದ್ದೇವೆ. ಅಲ್ಲಿ ಚೆರಿ ಬುಡದಿಂದ ಶಿಖರಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಅರಳುತ್ತ ಏರುತ್ತದೆ; ಕೆಳಗೆ ತಪ್ಪಿದ್ದು ಮೇಲೆ ಸಿಕ್ಕೀತು. ಬೆಟ್ಟದ ಓರೆಯಲ್ಲಿ ನಿಂತರೆ ಕಣಿವೆಯ ಹೂವನ್ನು ಕೆಳನೋಟದಲ್ಲೇ ನೋಡಬಹುದೆಂಬುದು ಇನ್ನೊಂದು ಅನುಕೂಲ.

ಹೂ ಅರಳುವ ದಿನಗಳಲ್ಲಿ ಮರಳಿ ಬೀಳುವ ಚಳಿಗೆ ಜಪಾನಿಯಲ್ಲಿ ‘ಹನಬಿಎ’ ಎಂದೇ ಒಂದು ಹೆಸರಿದೆ. ಅದನ್ನು ತಿಳಿದು ಶಾಲುಗಳನ್ನು ಆಗಲೇ ಬಿಸಿಲಿಗೆ ಹಾಕಿದ್ದಾಗಿದೆ. ನೀರಿನ ಮೇಲೆ ಬಿದ್ದು ಒಟ್ಟಾಗಿ ತೇಲುವ ಎಸಳುಗಳಿಗೆ ‘ಹನ ಇಕದ’, ಎಂದರೆ ಹೂವಿನ ತೆಪ್ಪವೆಂದು ಹೆಸರು. ಹದಿನಾಲ್ಕನೆಯ ಶತಮಾನದ ಸಂನ್ಯಾಸಿ ಕೆಂಕೋ, ಪೂರ್ಣವಾಗಿ ಅರಳಿದ ಹೂವೊಂದೇ ನೋಡತಕ್ಕದ್ದೆಂಬ ಅಭಿಪ್ರಾಯವನ್ನು ತನ್ನ ಪ್ರಬಂಧಗಳಲ್ಲಿ ಒಪ್ಪಲಿಲ್ಲ. ಒಪ್ಪದಿರುವುದು ಆತನಿಗೆ ಸುಲಭ, ಆತ ಆ ಊರಿನವನೇ; ಮುಂದಿನ ವರ್ಷವೂ ಹೂವಿತ್ತು. ಅಕ್ಕನಿಗೆ ಇದು ಒಂದೇ ಸಲದ ಪ್ರಯಾಣ. ಟಿಕೆಟ್ಟಿಗೆ ಹಣ ಕಟ್ಟುವ ಮುನ್ನ ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೇಳಿದೆ: “ಅಕ್ಕಾ, ನಾವು ಹೋಗುವಷ್ಟರಲ್ಲಿ ಎಲ್ಲ ಉದುರಿಹೋಗಿದ್ದರೆ?”

“ಉದುರಿದ್ದನ್ನು ನೋಡುವುದಕ್ಕೆ ಕತ್ತೆತ್ತಬೇಕಾಗಿಲ್ಲವಲ್ಲ,” ಎಂದಳು.

ಮರುದಿನವೇ ಹಣ ಕಟ್ಟಿದೆವು. ಫೆಬ್ರವರಿ 1ರಿಂದ ಕ್ಯೋಟೋದ ದಿನದಿನದ ಉಷ್ಣತೆಯನ್ನು ಬರೆದಿಡುವುದಕ್ಕಾಗಿ ಅಕ್ಕ ಈ ಸಂವತ್ಸರದ ಪಂಚಾಂಗದ ಕೊನೆಯ ಪುಟಗಳ ಅಂಚನ್ನು ಖಾಲಿ ಬಿಟ್ಟುಕೊಂಡಿದ್ದಾಳೆ.